ನಿದ್ದೆ ಹೋಗುವ ಮೀಟರು

ಹನ್ನೊಂದನೆಯ ದಿನವೂ ಮೀಟರು ಹನ್ನೆರಡು ಪಾಯಿಂಟ್ ಆರು ವೋಲ್ಟ್ ಎಂದೇ ತೋರಿಸಿತು. ಅವನು ನಂಬಲಿಲ್ಲ. ಮೀಟರಿನ ಎರಡು ವೈರುಗಳ ತುದಿಯ ಕೆಂಪು ಪ್ರೋಬಿನ ಮೊನೆಯನ್ನೂ ಕಪ್ಪು ಪ್ರೋಬಿನ ಮೊನೆಯನ್ನೂ ಅಂಗಿಯ ಅಂಚಿಗೆ ಒರೆಸಿ, ಬ್ಯಾಟರಿಯ ಎರಡು ತುದಿಗೆ ಮತ್ತೆ ಒತ್ತಿ ಹಿಡಿದ. ಹನ್ನೆರಡು ಪಾಯಿಂಟ್ ಆರು. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಡಬ್ಬಿಗೆ ಮುಚ್ಚಳ ಹಾಕಿ, ನಾಲ್ಕು ಸ್ಕ್ರೂ ಬಿಗಿದು, ಕೈ ತೊಳೆದು ಚಹಾ ಕುಡಿಯುತ್ತಿದ್ದರು. ಇವನು ಕಾರ್ಖಾನೆಯ ಟೆಸ್ಟಿಂಗ್ ಸೆಕ್ಷನ್ನಿನಲ್ಲಿ ಇಪ್ಪತ್ತಾರು ವರ್ಷ ಕೂತು ಬಂದವನು. ಸರಿಯಿದೆ ಎಂದು ತೋರಿಸಿಕೊಳ್ಳುವ ವಸ್ತುವಿನ ಮೇಲೇ ಅವನಿಗೆ ಹೆಚ್ಚು ಅನುಮಾನ. ಹಾಗಂತ ಅವನು ಹೆಂಡತಿಗೆ ಹೇಳಿದ್ದ, ಅವಳೂ ಹತ್ತು ದಿನ ನಂಬಿದ್ದಳು. ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದದ್ದು ಒಂದು ಕರೆಗಂಟೆ, ಅಷ್ಟೆ. ಮುಂದಿನ ಕೋಣೆಯಲ್ಲಿ ನಾಲ್ಕು ತಿಂಗಳಿಂದ ಬಲಭಾಗ ಸತ್ತು, ಮಾತು ಬಿದ್ದು ಮಲಗಿರುವ ಅಕ್ಕ ಗುಂಡಿ ಒತ್ತಿದರೆ ಹಿಂದಿನ ಈ ಕೋಣೆಯಲ್ಲಿ ಸದ್ದಾಗಬೇಕು. ಒಂದು ಬ್ಯಾಟರಿ, ಒಂದು ಗುಂಡಿ, ಕೂಗಲು ಒಂದು ಬಝರ್. ಶಾಲೆಗೆ ಹೋಗುವ ಮಕ್ಕಳು ಐದು ನಿಮಿಷದಲ್ಲಿ ಮಾಡಿಟ್ಟು ಆಡಲು ಓಡಿಹೋಗುವ ಕೆಲಸ. ಅದಕ್ಕೆ ಅವನು ಕರೆಂಟು ಹೋದರೂ ನಿಲ್ಲದ ಹಾಗೆ ಒಂದು ಏರ್ಪಾಡು, ಒತ್ತಿದ್ದು ಮರೆತುಹೋಗದಂತೆ ಉರಿಯುತ್ತಲೇ ಇರುವ ಕೆಂಪು ದೀಪ, ಬ್ಯಾಟರಿ ಇಳಿದರೆ ಎಚ್ಚರಿಸುವ ಹಳದಿ ದೀಪ ಎಂದು ಒಂದೊಂದೇ ಸೇರಿಸುತ್ತ ಹನ್ನೊಂದು ದಿನ ಮಾಡಿದ್ದ. ಒಂದೊಂದು ಸೇರಿದಾಗಲೂ ಮೊದಲಿನಿಂದ ಟೆಸ್ಟು. ಟೆಸ್ಟು ನಡೆಯುತ್ತಿರುವವರೆಗೆ ಅವನನ್ನು ಯಾರೂ ಏನೂ ಕೇಳುವಂತಿರಲಿಲ್ಲ.

"ರೀ, ಆಯ್ತಾ?"

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಹೆಗಲಿಗೆ ಬ್ಯಾಗು, ಕೈಯಲ್ಲಿ ಛತ್ರಿ, ಮುಖದಲ್ಲಿ ನಾಲ್ಕು ತಿಂಗಳಾದ ಮೇಲೆ ಕೆಲಸಕ್ಕೆ ಹೊರಟವಳ ಕಳೆ. ಶಾಲೆಯ ಆಫೀಸಿನಲ್ಲಿ ಅವಳಿಗೆ ಕೊಟ್ಟಿದ್ದ ರಜೆ ನಿನ್ನೆಗೆ ಮುಗಿದಿತ್ತು.

"ಇನ್ನೊಂದ್ಸಲ ಕರೆಂಟ್ ಎಷ್ಟು ಎಳೆಯತ್ತೆ ಅಂತ ನೋಡ್ಬೇಕು," ಎಂದ.

"ನಿನ್ನೆ ನೋಡಿದ್ರಲ್ಲ!"

"ನಿನ್ನೆ ಹಳದಿ ದೀಪ ಇರ್ಲಿಲ್ಲ."

"ಅಯ್ಯೋ ನಿಮ್ಮ ದೀಪವೇ! ಅತ್ತಿಗೆ ಏನು ದೀಪ ಬೇಕು ಅಂದ್ರಾ? ಒತ್ತಿದ್ರೆ ಕೂಗ್ಬೇಕು, ಅಷ್ಟೇ ತಾನೇ." ಅವಳು ನಗುತ್ತಲೇ ಹೇಳಿದಳು, ನಗು ಅರ್ಧಕ್ಕೆ ನಿಂತಿತು. "ನಾನು ಬರೋದು ಐದೂವರೆ ಆಗತ್ತೆ. ಅಷ್ಟರಲ್ಲಿ ಅದು ಅವರ ಕೈಯಲ್ಲಿ ಇರ್ಬೇಕು ನೋಡಿ. ಇವತ್ತಿಂದ ಮನೇಲಿ ನೀವೊಬ್ರೇ. ಇಲ್ಲಿ ಬಂದು ಕೂತ್ರೆ ನಿಮಗೆ ಅವರು ಬಡಿಯೋ ಲೋಟದ ಸದ್ದು ಕೇಳಿಸಲ್ಲ. ಅವತ್ತಿನ ಹಾಗೆ ಮತ್ತೆ ಆದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

ಅವನು ಹೂಂ ಎಂದ, ಡಬ್ಬಿಯೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲಿನ ಕಣ್ಣು ಎತ್ತದೆ. ಕೇಳಿಸಲ್ಲ ಎನ್ನುವ ಮಾತನ್ನು ಅವಳು ಎಷ್ಟು ಸಲೀಸಾಗಿ, ಎಷ್ಟು ಕರುಣೆಯಿಂದ ಹೇಳುತ್ತಾಳೆ ಎಂದು ಆಶ್ಚರ್ಯವಾಗುತ್ತಿತ್ತು. ಅವಳು ಮುಂದಿನ ಕೋಣೆಗೆ ಹೋದದ್ದು, ಮಂಚದ ಹತ್ತಿರ ಬಗ್ಗಿದ್ದು, ಎಲ್ಲ ಇಲ್ಲಿಗೇ ತಿಳಿಯುತ್ತಿತ್ತು. "ಅತ್ತಿಗೇ, ಹೋಗ್ಬರ್ತೀನಿ. ಇವತ್ತು ನಿಮ್ಮ ತಮ್ಮನದೇ ಡ್ಯೂಟಿ. ಸರಿಯಾಗಿ ಕೆಲಸ ಮಾಡ್ಲಿಲ್ಲ ಅಂದ್ರೆ ಸಂಜೆ ನನಗೆ ಹೇಳಿ, ಒಂದು ಕೈ ನೋಡ್ಕೋತೀನಿ, ಆಯ್ತಾ?" ಸ್ಟೀಲ್ ಲೋಟ ಮಂಚದ ಕಬ್ಬಿಣಕ್ಕೆ ಒಮ್ಮೆ ಬಡಿಯಿತು, ಟಣ್. ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಅಲ್ಲ, ಬಡಿಯುತ್ತಲೇ ಇದ್ದರೆ ಬಾ ಎಂದು ಅರ್ಥ; ಅಕ್ಕನ ಎಡಗೈ ಮತ್ತು ಹೆಂಡತಿಯ ಬುದ್ಧಿ ಸೇರಿ ಮಾಡಿಕೊಂಡ ಭಾಷೆ ಅದು. ಹೆಂಡತಿ ಜೋರಾಗಿ ನಕ್ಕಳು. ಬಾಗಿಲು ಮುಚ್ಚಿತು. ಎರಡು ಗೋಡೆಗಳಾಚೆಯ ಆ ಒಂದು ಟಣ್ ಅವನಿಗೆ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಈಗಷ್ಟೇ ಹೊರಗೆ ಹೋದವಳು ವಾಪಸು ಬಂದು "ಹಾಗಾದ್ರೆ ಅವತ್ತು?" ಎಂದು ಕೇಳಿದರೆ ಏನು ಹೇಳುವುದು ಎಂದು ಕುರ್ಚಿಯಲ್ಲೇ ಬೆವರಿದ. ಅವಳು ಬರಲಿಲ್ಲ. ಅವಳಿಗೆ ಅನುಮಾನ ಪಡುವ ಅಭ್ಯಾಸವಿಲ್ಲ.

ಅವತ್ತು ಅಂದರೆ ಹನ್ನೊಂದು ದಿನದ ಹಿಂದಿನ ಮಧ್ಯಾಹ್ನ. ಹೆಂಡತಿ ಔಷಧಿ ತರಲು ಹೋಗಿದ್ದಳು. ಅವನು ಇದೇ ಕುರ್ಚಿಯಲ್ಲಿ ಕೂತು ಯಾರದೋ ಹಳೆಯ ರೇಡಿಯೋದ ತಂತಿ ಎಲ್ಲಿ ತುಂಡಾಗಿದೆ ಎಂದು ಹುಡುಕುತ್ತಿದ್ದ. ಮೀಟರಿನ ನಡುವಿನ ತಿರುಪನ್ನು ಕಂಟಿನ್ಯುಟಿಗೆ ತಿರುಗಿಸಿಟ್ಟು ಎರಡು ಪ್ರೋಬುಗಳನ್ನು ತಂತಿಯ ಎರಡು ತುದಿಗೆ ಹಿಡಿದರೆ, ತಂತಿ ಒಳಗೆ ಕೂಡಿಕೊಂಡಿದ್ದರೆ ಪೀಂ ಎನ್ನುತ್ತದೆ, ತುಂಡಾಗಿದ್ದರೆ ಸುಮ್ಮನಿರುತ್ತದೆ. ಪೀಂ ಪೀಂ ಎಂದು ಒಂದಾದ ಮೇಲೊಂದು ಒಳ್ಳೆಯ ಸುದ್ದಿ ಕೇಳುತ್ತಿದ್ದಾಗ ಲೋಟದ ಸದ್ದು ಬಂತು. ಬೆಳಗಿನಿಂದ ಏಳು ಸಲ ಹೋಗಿ ಬಂದಿದ್ದ. ಕಿಟಕಿ ತೆರೆಯಲು ಒಮ್ಮೆ, ಅದೇ ಕಿಟಕಿ ಮುಚ್ಚಲು ಒಮ್ಮೆ, ನೊಣ ಓಡಿಸಲು, ದಿಂಬು ಎತ್ತರಿಸಲು, ಎತ್ತರಿಸಿದ್ದನ್ನು ಇಳಿಸಲು. ಎಂಟನೆಯ ಸಲಕ್ಕೆ ಅವನು ಪ್ರೋಬುಗಳನ್ನು ಎತ್ತಿ ಹಿಡಿದು ಕಿವಿಗೊಟ್ಟ. ಟಣ್ ಟಣ್ ಟಣ್. ಎರಡು ನಿಮಿಷ ತಾಳಲಿ, ಅಂದುಕೊಂಡ. ಸಾಕಾಗಿತ್ತು ಅವನಿಗೆ. ಮಲಮೂತ್ರ ಎತ್ತುವುದಲ್ಲ, ಅದು ಹೇಗೋ ಆಗಿಬಿಡುತ್ತದೆ. ಕರೆದಾಗ ಹೋಗುವುದು ಸಾಕಾಗಿತ್ತು, ಆ ಕ್ಷಣ ಅಕ್ಕ ಅನ್ನುವ ಮನುಷ್ಯಳೇ ಸಾಕಾಗಿದ್ದಳು. ಎರಡು ಪ್ರೋಬುಗಳ ಮೊನೆಗಳನ್ನು ಒಂದಕ್ಕೊಂದು ಒತ್ತಿದ. ನಡುವೆ ರೇಡಿಯೋ ಇಲ್ಲ, ತಂತಿ ಇಲ್ಲ, ಬರೀ ಮೊನೆಗೆ ಮೊನೆ. ಹಾಗೆ ಹಿಡಿದಿರುವಷ್ಟು ಹೊತ್ತೂ ಮೀಟರು ಪೀಂ ಎಂದು ಕೂಗುತ್ತಲೇ ಇರುತ್ತದೆ. ಆ ಕೂಗಿನ ಹಿಂದೆ ಕೂತು ಅವನು ಲೋಟದ ಹೊಡೆತಗಳನ್ನು ಎಣಿಸಿದ. ಹತ್ತೊಂಬತ್ತು. ಆಮೇಲೆ ಲೋಟ ನೆಲಕ್ಕೆ ಬಿದ್ದು ಗೋಡೆಯವರೆಗೆ ಉರುಳಿಕೊಂಡು ಹೋಯಿತು. ಆಗಲಾದರೂ ಏಳಬಹುದಿತ್ತು. ಇಷ್ಟು ಹೊತ್ತು ಏಳದವನು ಈಗ ಎದ್ದರೆ ಇಷ್ಟು ಹೊತ್ತು ಕೇಳಿಸಿತ್ತು ಎಂದಾಗುತ್ತದಲ್ಲ, ಅದಕ್ಕೇ ಏಳಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಹೆಂಡತಿ ಬಂದು ಚೀರಿದಾಗ ಓಡಿಹೋದ. ಅಕ್ಕ ಮಂಚದ ಅಂಚಿನಿಂದ ಅರ್ಧ ಕೆಳಗೆ ಜಾರಿ, ಸೊಂಟ ಕಬ್ಬಿಣದ ಪಟ್ಟಿಗೆ ಸಿಕ್ಕಿಕೊಂಡು, ಮೈಯೆಲ್ಲ ಒದ್ದೆಯಾಗಿ, ಎಡಗೈಯಲ್ಲಿ ಮಂಚದ ಕಾಲು ಹಿಡಿದುಕೊಂಡು ನೇತಾಡುತ್ತಿದ್ದಳು. "ಕೇಳಿಸ್ಲಿಲ್ವೇನ್ರೀ ನಿಮಗೆ?" ಎಂದಳು ಹೆಂಡತಿ, ಅಳುತ್ತ. "ಇಲ್ಲ. ಮೀಟರ್ ಸದ್ದಿತ್ತು," ಎಂದ. ಅಕ್ಕ ಕಣ್ಣು ಎತ್ತಿ ಅವನನ್ನು ನೋಡಿದಳು. ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯೇ ಹೇಳಿದ್ದು, ನೀವೇ ಇಷ್ಟೆಲ್ಲ ಬಲ್ಲವರು, ಅವರಿಗೊಂದು ಬೆಲ್ಲು ಮಾಡಿಕೊಡಬಾರದೇ ಎಂದು. ಕಿವುಡನಲ್ಲದವನ ಕಿವುಡಿಗೆ ಔಷಧಿ ಮಾಡಲು ಅವನು ಆ ಮಾರನೆಯ ದಿನವೇ ಕೂತ.

ಹತ್ತೂವರೆಗೆ ಲೋಟ ಬಡಿಯಿತು. ಎರಡನೆಯ ಹೊಡೆತ ಬೀಳುವ ಮೊದಲೇ ಅವನು ಮಂಚದ ಪಕ್ಕ ಇದ್ದ. ಅವತ್ತಿನಿಂದ ಹೀಗೇ, ಹೆಂಡತಿ ಎದುರಿಗಿದ್ದರೆ ಮಾತ್ರ ಒಂದೆರಡು ಹೊಡೆತ ಹೆಚ್ಚಿಗೆ ಬೀಳಲು ಬಿಟ್ಟು, ಕಿವಿ ಮಂದವಾದವನ ಹಾಗೆ ಕತ್ತು ಓರೆ ಮಾಡಿ ಏಳುತ್ತಿದ್ದ. ಈಗ ನೋಡುವವರು ಯಾರೂ ಇರಲಿಲ್ಲ, ನೋಡುವವಳೊಬ್ಬಳನ್ನು ಬಿಟ್ಟು. "ನೀರಾ?" ಟಣ್. ಹೌದು. ತಲೆ ಎತ್ತಿ ಹಿಡಿದು ಕುಡಿಸಿದ. ಬಲಗಡೆಯ ತುಟಿಯಿಂದ ಅರ್ಧ ನೀರು ಕತ್ತಿಗೆ ಇಳಿಯಿತು, ಟವೆಲ್ಲಿನಿಂದ ಒರೆಸಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಎಷ್ಟು ಬೇಗ ಬಂದೆ ಎನ್ನುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಈ ಕಣ್ಣುಗಳ ಎದುರು ಅವನಿಗೆ ಐವತ್ತನಾಲ್ಕು ವಯಸ್ಸಾಗಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವನನ್ನು ಓದಿಸಿದವಳು, ಅವನ ಮೊದಲ ಮೀಟರನ್ನು, ಮುಳ್ಳು ಅಲುಗುವ ಹಳೆಯ ಕಾಲದ್ದು, ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ತಂದು "ತಗೋ ಮೋಟಾ, ಇನ್ನು ನಮ್ಮಿಬ್ಬರದೂ ತಂತಿ ಕೆಲಸವೇ" ಎಂದು ಕೊಟ್ಟವಳು. ಅವನು ಕುಳ್ಳ ಎಂದು ಅವಳೊಬ್ಬಳು ಇಟ್ಟ ಹೆಸರು ಅದು. ನಾಲ್ಕು ತಿಂಗಳಿಂದ ಅವನನ್ನು ಯಾರೂ ಮೋಟ ಎಂದು ಕರೆದಿಲ್ಲ. ಅವಳು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಆ ಉಪಕರಣದ ಒತ್ತಿಗೆ ನೆತ್ತಿಯ ಕೂದಲು ಒಂದು ಗೆರೆಯಷ್ಟು ಇಂದಿಗೂ ತಗ್ಗಾಗಿಯೇ ಇದೆ. ಸ್ನಾನ ಮಾಡಿಸುವಾಗ ಕೈಗೆ ಸಿಗುತ್ತದೆ. ಮನೆಗೆ ಬಂದು ಕಾಲು ಚಾಚಿ ಕೂತು ಎಕ್ಸ್‌ಚೇಂಜಿನ ಕತೆ ಹೇಳುವುದು ಅವಳ ರೂಢಿ. "ಕೆಲವರು ರಿಸೀವರ್ ಎತ್ತಿ ಮಾತೇ ಆಡಲ್ಲ ಕಣೋ ಮೋಟ. ಸತ್ತಿರೋ ಲೈನೇ ಬೇರೆ, ಸುಮ್ಮನಿರೋ ಲೈನೇ ಬೇರೆ. ಸುಮ್ಮನಿರೋದ್ರಲ್ಲಿ ಉಸಿರಿರತ್ತೆ. ಆ ಕಡೆ ಇದ್ದಾರೆ, ಬೇಕಂತಲೇ ಮಾತಾಡ್ತಿಲ್ಲ ಅಂತ ನನಗೆ ಗೊತ್ತಾಗ್ಬಿಡತ್ತೆ." ಅವನು ಆಗ ನಕ್ಕಿದ್ದ. ಅವತ್ತು ಲೋಟದ ಮೊದಲ ಹೊಡೆತಕ್ಕೆ ಸರಿಯಾಗಿ ಪೀಂ ನಿಂತಿದ್ದು, ಒಂದೈದು ಉಸಿರಿನಷ್ಟು ಹೊತ್ತು ಮನೆಯೆಲ್ಲ ನಿಶ್ಶಬ್ದವಾಗಿದ್ದು, ಆಮೇಲೆ ಅದೇ ಪೀಂ ಬಿಡುವಿಲ್ಲದೆ ಕೂಗತೊಡಗಿದ್ದು, ಇಷ್ಟನ್ನೂ ಅವಳ ಈ ಕಿವಿಗಳು ಕೇಳಿಸಿಕೊಂಡಿದ್ದವು. ಅವನು ಟವೆಲ್ಲು ಮಡಿಸಿ ಮಂಚದ ಪಟ್ಟಿಗೆ ಹಾಕಿ ಹಿಂದಿನ ಕೋಣೆಗೆ ಬಂದುಬಿಟ್ಟ.

ಇಲ್ಲಿ ಬಂದರೆ ಉಸಿರಾಡಬಹುದಿತ್ತು. ಬೆಸುಗೆಯ ಅಂಟಿನ ಘಾಟು, ಬೆಳಕಿಗೆ ಒಂದೇ ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಸಿಮೆಂಟು ಗೋಡೆ. ಗೋಡೆಯುದ್ದಕ್ಕೂ ಅವನೇ ಮೊಳೆ ಹೊಡೆದು ಎಳೆದ ಜೋಡಿ ತಂತಿ ಬಾಗಿಲ ಮೇಲಿಂದ ಇಳಿದು ಮೇಜಿನ ಮೇಲೆ ಬಂದು ಕೂತಿತ್ತು. ಅದರ ಇನ್ನೊಂದು ತುದಿ ಅಕ್ಕನ ದಿಂಬಿನ ಪಕ್ಕ ಸುರುಳಿ ಸುತ್ತಿಕೊಂಡು ಕಾಯುತ್ತಿತ್ತು, ಗುಂಡಿ ಮಾತ್ರ ಬರಬೇಕು. ಇದೊಂದು ಕೂಗತೊಡಗಿದರೆ ಈ ಕೋಣೆಯೂ ಹೋಯಿತು ಎಂದುಕೊಂಡ. ಅಂದುಕೊಂಡದ್ದಕ್ಕೆ ನಾಚಿಕೆಯಾಗಿ ಮೀಟರನ್ನು ಕೈಗೆತ್ತಿಕೊಂಡ. ಕರೆಂಟು ನೋಡಬೇಕು. ಮೀಟರಿಗೆ ಮೂರು ತೂತು. ಕಪ್ಪು ವೈರು ಸದಾ ನಡುವಿನದಕ್ಕೆ. ಕೆಂಪು ವೈರು ವೋಲ್ಟೇಜು ನೋಡುವಾಗ ಬಲಗಡೆಯದರಲ್ಲಿರಬೇಕು, ಕರೆಂಟು ನೋಡುವಾಗ ಅದನ್ನು ಕಿತ್ತು ಎಡಗಡೆಯದಕ್ಕೆ ಹಾಕಬೇಕು. ಎಡಗಡೆಯಲ್ಲಿರುವಾಗ ಮೀಟರು ಮೀಟರಲ್ಲ, ಬರೀ ಒಂದು ದಪ್ಪ ತಂತಿ. ಅದನ್ನು ಮರೆತು ಹಾಗೇ ವೋಲ್ಟೇಜು ನೋಡಲು ಹೋದರೆ ಅಳೆಯಬೇಕಾದ್ದನ್ನೇ ಸುಟ್ಟುಹಾಕುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು. ಟೆಸ್ಟಿಂಗ್ ಸೆಕ್ಷನ್ನಿನಲ್ಲಿ ಅದಕ್ಕೊಂದು ಶಿಕ್ಷೆಯಿತ್ತು: ಮೀಟರಿನೊಳಗೆ ಸುಟ್ಟುಹೋದ ಫ್ಯೂಸನ್ನು, ಒಂದು ಬೆರಳಿನಷ್ಟೂ ಉದ್ದವಿಲ್ಲದ ಆ ಗಾಜಿನ ಕೊಳವೆಯನ್ನು, ದಾರ ಕಟ್ಟಿ ತಪ್ಪು ಮಾಡಿದವನ ಅಂಗಿಯ ಮೇಲಿನ ಗುಂಡಿಗೆ ನೇತುಹಾಕುವುದು. ಶಿಫ್ಟು ಮುಗಿಯುವವರೆಗೆ ತೆಗೆಯುವಂತಿಲ್ಲ. ಊಟದ ಹಾಲಿನಲ್ಲಿ, ಮ್ಯಾನೇಜರರ ಎದುರಿನಲ್ಲಿ, ಎಲ್ಲಿ ಹೋದರೂ ಎದೆಯ ಮೇಲೆ ಅದು. "ಏನಪ್ಪಾ, ಪದಕ ಬಂತಾ?" ಎಂದು ಎಲ್ಲರೂ ಕೇಳುವವರೇ. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ನಕ್ಕೂ ನಕ್ಕೂ ಚಹಾ ಮೂಗಿಗೇರಿತ್ತು. "ನೀನು ಯಾವತ್ತಾದ್ರೂ ಕಟ್ಕೊಂಡಿದ್ಯೇನೋ?" "ನಾನಾ? ಜನ್ಮದಲ್ಲಿಲ್ಲ." "ನೋಡೋಣ ಬಿಡು," ಎಂದಿದ್ದಳು. ಇಪ್ಪತ್ತಾರು ವರ್ಷ ಅವನು ಕಟ್ಟಿಕೊಳ್ಳಲಿಲ್ಲ. ಬೇರೆಯವರಿಗೆ ದಾರ ಹುಡುಕಿ ಕೊಟ್ಟ.

ಕೆಂಪು ವೈರನ್ನು ಎಡಗಡೆಗೆ ಹಾಕಿದ. ಗುಂಡಿ ಒತ್ತದಿರುವಾಗ ಇಷ್ಟು, ಒತ್ತಿದಾಗ ಇಷ್ಟು, ಕೆಂಪು ದೀಪಕ್ಕೆ ಇಷ್ಟು, ಹಳದಿ ದೀಪಕ್ಕೆ ಇಷ್ಟು. ಪುಸ್ತಕದಲ್ಲಿ ಬರೆದುಕೊಂಡ. ಎಲ್ಲವೂ ನಿನ್ನೆಯ ಹಾಗೇ. ಇನ್ನು ಮಾಡಲು ಏನೂ ಉಳಿದಿರಲಿಲ್ಲ. ಮುಚ್ಚಳ, ನಾಲ್ಕು ಸ್ಕ್ರೂ. ಸ್ಕ್ರೂಗಳು ಬಾಟಲಿಯ ಮುಚ್ಚಳವೊಂದರಲ್ಲಿ ಕೂತು ಅವನನ್ನೇ ನೋಡುತ್ತಿದ್ದವು. ಮುಂದಿನ ಕೋಣೆಯಲ್ಲಿ ಅಕ್ಕ ಕೆಮ್ಮಿದಳು. ಬೋರ್ಡಿಗೆ ಬರುವ ವೋಲ್ಟೇಜನ್ನು ಇನ್ನೊಂದೇ ಒಂದು ಸಲ ನೋಡಿಬಿಡೋಣ ಎಂದು ಮೀಟರಿನ ತಿರುಪು ತಿರುಗಿಸಿ ಪ್ರೋಬುಗಳನ್ನು ಇಟ್ಟ. ಚಟ್ ಎಂದಿತು. ನೀಲಿ ಕಿಡಿ, ಒಂದು ಎಳೆ ಹೊಗೆ, ಸುಟ್ಟ ತಾಮ್ರದ ವಾಸನೆ. ಹಸಿರು ಬೋರ್ಡಿನ ಮೇಲಿನ ತಾಮ್ರದ ದಾರಿ ಎರಡು ಇಂಚು ಎದ್ದು ಕಪ್ಪಗಾಗಿತ್ತು, ಪಕ್ಕದ ಕಪ್ಪು ಚಿಪ್‌ನ ಬೆನ್ನು ಬಿರಿದಿತ್ತು. ಅವನು ಬಗ್ಗಿ ಮೀಟರನ್ನು ನೋಡಿದ. ಕೆಂಪು ವೈರು ಎಡಗಡೆಯಲ್ಲೇ ಇತ್ತು.

ಮೊದಲು ಬಂದದ್ದು ನಗು. ಆ ನಗುವಿನಲ್ಲಿ ಬಿಡುಗಡೆಯಿತ್ತು. ಸಂಜೆ ಹೆಂಡತಿಗೆ ಸುಟ್ಟ ಬೋರ್ಡು ತೋರಿಸಬಹುದು, ಇನ್ನೂ ಹನ್ನೊಂದು ದಿನ ಕೇಳಬಹುದು, ಕೊಡುತ್ತಾಳೆ. ಬೇಕಂತಲೇ ಮಾಡಿದೆನೇ? ಕೈ ಮಾಡಿತೇ, ತಾನು ಮಾಡಿದನೇ? ಇಪ್ಪತ್ತಾರು ವರ್ಷ ಈ ತಪ್ಪು ಮಾಡದ ಕೈ ಇದೇ ದಿನ ಹುಡುಕಿಕೊಂಡು ಯಾಕೆ ಮಾಡಿತು? ಇದನ್ನು ಅಳೆಯುವ ಮೀಟರು ಇರಲಿಲ್ಲ, ಇದ್ದಿದ್ದರೆ ಕೆಂಪು ವೈರನ್ನು ಅವನು ಅದರಲ್ಲೂ ತಪ್ಪು ತೂತಿಗೇ ಹಾಕುತ್ತಿದ್ದ. ಛೀ, ಎಂದು ಗಟ್ಟಿಯಾಗಿಯೇ ಅಂದುಕೊಂಡು ಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡ. ಹೋದದ್ದು ಹೋಗಲಿ, ಬಝರ್ ಒಂದು ಉಳಿದರೆ ಸಾಕು, ದೀಪಗಳು ಹಾಳಾಗಿ ಹೋಗಲಿ, ಬ್ಯಾಟರಿಗೂ ಗುಂಡಿಗೂ ನೇರ ಕಟ್ಟಿ ಐದು ನಿಮಿಷದಲ್ಲಿ ಗಂಟೆ ಮಾಡಿಬಿಡುತ್ತೇನೆ. ಮೊದಲ ದಿನವೇ ಮಾಡಬಹುದಾಗಿದ್ದ ಗಂಟೆ. ಬೆಸುಗೆ ಕಡ್ಡಿ ಕಾಯುವವರೆಗೂ ತಾಳ್ಮೆಯಿಲ್ಲದೆ ಇಕ್ಕಳದಲ್ಲಿ ಹಿಡಿದು ಎಳೆದ. ಬಝರು ಬಂತು, ಅದರ ಒಂದು ಕಾಲು ಬುಡದಿಂದ ಕಿತ್ತು ಬೋರ್ಡಿನಲ್ಲೇ ಉಳಿಯಿತು. ಡ್ರಾಯರುಗಳನ್ನೆಲ್ಲ ಮೇಜಿನ ಮೇಲೆ ಸುರಿದ. ಸತ್ತ ರೇಡಿಯೋಗಳ ಹೊಟ್ಟೆಯೊಳಗಿನ ಸಮಸ್ತವೂ ಇತ್ತು, ಕೂಗುವಂಥದ್ದು ಒಂದೂ ಇರಲಿಲ್ಲ. ಅಂಗಡಿ ಎರಡು ಬಸ್ಸು ಬದಲಾಯಿಸಿ ಹೋಗುವಷ್ಟು ದೂರ. ಅವಳನ್ನು ಒಬ್ಬಳನ್ನೇ ಬಿಟ್ಟು ಹೋಗುವಂತಿಲ್ಲ. ಬಾಗಿಲಿಗೆ ಬೀಗವಿಲ್ಲ, ಬೀದಿಯಿದೆ, ಬಸ್ಸಿದೆ. ಅವನು ಮಾತ್ರ ಹೊಸಿಲು ದಾಟುವಂತಿಲ್ಲ. ಮೀಟರಿನ ಬೆನ್ನು ಬಿಚ್ಚಿ ಸುಟ್ಟ ಫ್ಯೂಸನ್ನು ತೆಗೆದ. ಒಳಗಿನ ಎಳೆ ಇಲ್ಲದ ಬರೀ ಗಾಜು, ಗಾಜಿನೊಳಗೆ ಮಸಿ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ದಾರ ಹುಡುಕಿ, ಅಂಗಿಯ ಮೇಲಿನ ಗುಂಡಿಗೆ ಅದನ್ನು ಕಟ್ಟಿಕೊಂಡ. ಯಾಕೆ ಕಟ್ಟಿಕೊಂಡನೋ. ಶಿಕ್ಷೆ ಕೊಡುವವರು ಯಾರೂ ಇಲ್ಲದಿದ್ದರೆ ಮನುಷ್ಯ ಇಂಥ ಹುಚ್ಚಾಟಗಳನ್ನೆಲ್ಲ ಆಡುತ್ತಾನೆ.

ಕೆಂಪು ವೈರನ್ನು ಬಲಗಡೆಯ ತೂತಿಗೆ ಹಾಕಿ, ತಿರುಪನ್ನು ಕಂಟಿನ್ಯುಟಿಗೆ ತಿರುಗಿಸಿ, ಮೀಟರು ಇನ್ನೂ ಬದುಕಿದೆಯೇ ಎಂದು ನೋಡಲು ಎರಡು ಮೊನೆಗಳನ್ನು ತಾಗಿಸಿದ. ಪೀಂ. ಬದುಕಿತ್ತು. ಮನೆಯಲ್ಲಿ ಕೂಗಬಲ್ಲ ವಸ್ತು ಇದೊಂದೇ ಎಂದು ಅವನಿಗೆ ಆಗ ಹೊಳೆಯಿತು. ಜೋಡಿ ತಂತಿಯ ಈ ತುದಿಗೆ ಎರಡು ಪ್ರೋಬುಗಳನ್ನು ಕಟ್ಟಿದರೆ, ಆ ತುದಿಯ ಗುಂಡಿಯನ್ನು ಅಕ್ಕ ಒತ್ತಿದಾಗ ತಂತಿ ಕೂಡಿಕೊಳ್ಳುತ್ತದೆ. ಮೀಟರು ಕೂಗುತ್ತದೆ. ಬೋರ್ಡು ಬೇಡ, ಬ್ಯಾಟರಿ ಬೇಡ, ಬಝರು ಬೇಡ. ಇಷ್ಟು ಸುಲಭವಾದದ್ದು ಯಾಕಾದರೂ ಹೊಳೆಯಿತೋ ಎಂದುಕೊಂಡ. ಮೀಟರು ಗಂಟೆಯಾದರೆ ಇನ್ನು ಅಳೆಯುವುದು ಯಾವುದರಿಂದ? ಟೆಸ್ಟು ನಡೀತಿದೆ ಎಂದು ಹೇಳುವುದು ಏನು ಹಿಡಿದುಕೊಂಡು? ಅದೂ ಅಲ್ಲದೆ ಈ ಮೀಟರಿಗೆ ಒಂದು ಚಾಳಿಯಿದೆ, ಹದಿನೈದು ನಿಮಿಷ ಯಾರೂ ತಿರುಪು ಮುಟ್ಟದಿದ್ದರೆ ಬ್ಯಾಟರಿ ಉಳಿಸಲು ತಾನಾಗಿಯೇ ನಿದ್ದೆ ಹೋಗುತ್ತದೆ. ಆಮೇಲೆ ಆ ಕಡೆ ಎಷ್ಟು ಒತ್ತಿದರೂ ಕೂಗುವುದಿಲ್ಲ. ಯಾರಾದರೊಬ್ಬರು ಪಕ್ಕದಲ್ಲೇ ಕೂತು ಹದಿನೈದು ನಿಮಿಷಕ್ಕೊಮ್ಮೆ ತಿರುಪು ತಿರುಗಿಸಿ ಅದನ್ನು ಎಬ್ಬಿಸುತ್ತಿರಬೇಕು. ಯಾರಾದರೊಬ್ಬರು ಅಂದರೆ ಇನ್ಯಾರು. ಅವನು ಪ್ರೋಬುಗಳನ್ನು ತಂತಿಗೆ ಕಟ್ಟಿ, ಟೇಪು ಸುತ್ತಿ, ಗುಂಡಿಯನ್ನು ಎತ್ತಿಕೊಂಡು ಮುಂದಿನ ಕೋಣೆಗೆ ಹೋದ.

"ಬೆಲ್ ತಂದೆ ಅಕ್ಕ," ಎಂದು ಮಂಡಿಯೂರಿ ಕೂತು ತಂತಿಗೆ ಗುಂಡಿ ಸೇರಿಸತೊಡಗಿದ. "ಇವತ್ತಿಗೆ ಹೀಗೇ. ನಾಳೆ ಇವಳಿದ್ದಾಗ ಹೋಗಿ ಸರಿಯಾದ್ದು ತರ್ತೀನಿ. ಇದನ್ನ ಹೆಬ್ಬೆರಳಲ್ಲಿ ಒತ್ತು, ಸಾಕು. ಲೋಟ ಇನ್ನು ನೀರಿಗೆ ಮಾತ್ರ." ಉತ್ತರವಾಗಿ ಏನೋ ವಿಚಿತ್ರ ಸದ್ದು ಬಂತು. ತಲೆ ಎತ್ತಿದ. ಅಕ್ಕನ ಮುಖದ ಎಡಭಾಗ ಕಿವಿಯವರೆಗೆ ಎಳೆದುಕೊಂಡು, ಕಣ್ಣಲ್ಲಿ ನೀರು ತುಂಬಿ, ಎದೆ ಕುಲುಕುತ್ತಿತ್ತು. ಏನಾಯಿತೋ ಎಂದು ಗಾಬರಿಯಿಂದ ಎದ್ದ. ಅವಳ ಎಡಗೈ ಮೇಲೆದ್ದು ಅವನ ಅಂಗಿಯ ಗುಂಡಿಗೆ ನೇತಾಡುತ್ತಿದ್ದ ಫ್ಯೂಸನ್ನು ಹಿಡಿದುಕೊಂಡಿತು. ಅವಳು ನಗುತ್ತಿದ್ದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ, ಅರ್ಧ ಮುಖದಲ್ಲಿ. ಅವನಿಗೂ ನಗು ಬಂತು. "ಹೂಂ, ಕಟ್ಕೊಂಡೆ ಕಣೆ," ಎಂದ. "ಕೆಂಪು ವೈರ್ ಮರೆತೆ." ಅವಳು ಫ್ಯೂಸನ್ನು ಬಿಡಲಿಲ್ಲ. ಎರಡು ಬೆರಳಲ್ಲಿ ಹಿಡಿದು, ಕಣ್ಣಿನ ಹತ್ತಿರಕ್ಕೆಳೆದು, ಅವನನ್ನೂ ಅದರೊಂದಿಗೆ ಬಗ್ಗಿಸಿಕೊಂಡು, ಗಾಜಿನೊಳಗಿನ ಮಸಿಯನ್ನು ನೋಡಿದಳು. ಆಮೇಲೆ ಕಣ್ಣು ಅವನ ಮುಖಕ್ಕೆ ಬಂತು. ನಗು ನಿಂತಿತು. ಅಷ್ಟು ಹತ್ತಿರದಿಂದ ನೋಡಿಸಿಕೊಳ್ಳಲಾರದೆ ಅವನು ದಾರ ಬಿಡಿಸಿಕೊಂಡು, "ಒತ್ತಿ ನೋಡು, ನಾನು ಅಲ್ಲಿಂದ ಕೇಳ್ತೀನಿ," ಎಂದು ಹೊರಟ.

ಕುರ್ಚಿಯಲ್ಲಿ ಕೂತು ಕಾದ. ಪೀಂ ಎಂದು ಬರಲಿಲ್ಲ. ತಂತಿ ಎಲ್ಲಾದರೂ ಬಿಟ್ಟಿದೆಯೇ, ಗುಂಡಿ ಕೆಟ್ಟಿದೆಯೇ, ನೋಡೋಣವೆಂದರೆ ನೋಡಲು ಮೀಟರಿಲ್ಲ, ಅದು ಗಂಟೆಯಾಗಿ ಕೂತಿದೆ. ಹದಿನಾಲ್ಕು ನಿಮಿಷಕ್ಕೆ ತಿರುಪನ್ನು ಆರಿಸಿ ಮತ್ತೆ ಹಾಕಿದ. ಮತ್ತೆ ಹದಿನಾಲ್ಕು. ಊಟ ಮಾಡಿಸಿ ಬಂದ, ಬೆಡ್‌ಪ್ಯಾನ್ ಇಟ್ಟು ತೆಗೆದು ಬಂದ, ಎಲ್ಲವೂ ಅವನಾಗಿಯೇ ಹೋಗಿ ಕೇಳಿ ಮಾಡಿದ್ದು. ಅವಳು ಒತ್ತಲಿಲ್ಲ, ಲೋಟವನ್ನೂ ಬಡಿಯಲಿಲ್ಲ. ಹನ್ನೊಂದು ದಿನ ಯಾವ ಸದ್ದಿಗೆ ಹೆದರಿ ಕೂತಿದ್ದನೋ ಆ ಸದ್ದು ಬರಲೆಂದು ಈಗ ಮೈಯೆಲ್ಲ ಕಿವಿಯಾಗಿ ಕೂತಿದ್ದ. ಗಡಿಯಾರ, ತಿರುಪು, ಗಡಿಯಾರ. ನಾಲ್ಕೂ ಮುಕ್ಕಾಲಿಗೆ ಬಂತು. ಪೀಂ. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ಓಡಿದ. "ಏನು? ನೀರಾ?" ಲೋಟ ಎರಡು ಸಲ ಬಡಿಯಿತು. "ಬೆಡ್‌ಪ್ಯಾನಾ?" ಎರಡು ಸಲ. "ಹೊರಳಿಸ್ಲಾ?" ಎರಡು ಸಲ. ವಾಪಸು ಬಂದು ಇನ್ನೂ ಕೂತಿರಲಿಲ್ಲ, ಪೀಂ. ಹೋದ. ಏನೂ ಬೇಡ. ಮೂರನೆಯ ಸಲಕ್ಕೆ ಬಾಗಿಲಲ್ಲೇ ನಿಂತ. ಅವಳು ದಿಂಬಿನ ಮೇಲೆ ಕತ್ತು ಹೊರಳಿಸಿ ಬಾಗಿಲನ್ನೇ ನೋಡುತ್ತಿದ್ದಳು, ಲೈನು ಕೂಡಿಸಿ ಆ ಕಡೆಯವರು ಬಂದರೇ ಎಂದು ಕಾಯುವ ಆಪರೇಟರಿನ ಹಾಗೆ, ಅವಸರವಿಲ್ಲದೆ. ಅವನಿಗೆ ಅರ್ಥವಾಯಿತು. ಅವಳು ಟೆಸ್ಟು ಮಾಡುತ್ತಿದ್ದಳು. ಗುಂಡಿಯನ್ನಲ್ಲ, ತಂತಿಯನ್ನಲ್ಲ.

ಅವನು ಮಂಚದ ಅಂಚಿಗೆ ಬಂದು ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಫ್ಯೂಸನ್ನು ತಿರುವುತ್ತ, ಆಚೆ ಗೋಡೆಗೆ ಹೇಳುವವನಂತೆ, "ಅವತ್ತು ನನಗೆ ಕೇಳಿಸಿತ್ತು ಅಕ್ಕ," ಎಂದ. ಹೇಳಿದ್ದು ಸಾಲದು ಅನ್ನಿಸಿತು. "ಮೊದಲನೇದರಿಂದಾನೂ ಕೇಳಿಸಿತ್ತು. ಹತ್ತೊಂಬತ್ತು ಸಲ ಬಡಿದೆ ನೀನು. ನಾನು ಎಣಿಸ್ತಾ ಕೂತಿದ್ದೆ." ಮಾತು ಮುಗಿದ ಮೇಲೆ ಕೋಣೆಯಲ್ಲಿ ಉಸಿರು ಮಾತ್ರ ಇತ್ತು, ಯಾರದೆಂದು ಗೊತ್ತಾಗಲಿಲ್ಲ. ಅವಳ ಹೆಬ್ಬೆರಳು ಅಲುಗಿತು. ಹಿಂದಿನ ಕೋಣೆಯಿಂದ ಒಂದು ಪೀಂ ಬಂತು, ಚಿಕ್ಕದು. ಹೌದು. ಎರಡನೆಯದು ಬರಬಹುದೆಂದು ಅವನು ಕಾದ, ಬರಲಿಲ್ಲ. ಗೊತ್ತಿತ್ತು ಅವಳಿಗೆ, ಮೊದಲಿನಿಂದಲೂ. ಅವನು ಅಳಲಿಲ್ಲ, ಅತ್ತಿದ್ದರೆ ಅವಳು ಕ್ಷಮಿಸಿದಳು ಎಂದು ತಾನೇ ತೀರ್ಮಾನ ಮಾಡಿಕೊಂಡು ಎದ್ದು ಹೋಗಬಹುದಿತ್ತು. ಹಾಗೇ ಕೂತಿದ್ದ. ಅವಳ ಕೈ ಗುಂಡಿಯ ಮೇಲೆ, ಅವನ ಕೈ ಫ್ಯೂಸಿನ ಮೇಲೆ. ಎಷ್ಟು ಹೊತ್ತು ಕೂತಿದ್ದನೋ, ಗಡಿಯಾರ ಹಿಂದಿನ ಕೋಣೆಯಲ್ಲಿತ್ತು.

ಬಾಗಿಲು ತಳ್ಳಿಕೊಂಡು ಹೆಂಡತಿ ಬಂದಳು. "ಅಬ್ಬಾ, ಕಾಲೆಲ್ಲ ಬಿದ್ದುಹೋಯ್ತು," ಎನ್ನುತ್ತ ಛತ್ರಿ ಮೂಲೆಗಿಟ್ಟು, ಅಕ್ಕನ ಕೈಯಲ್ಲಿ ಗುಂಡಿ ನೋಡಿ ಮುಖ ಅರಳಿಸಿದಳು. "ಓಹೋ, ಅಂತೂ ಇಂತೂ ಆಯ್ತಾ! ಇದೇನ್ರೀ ಎದೆ ಮೇಲೆ, ಪದಕಾನಾ? ಅತ್ತಿಗೆ, ಹೇಗಿದೆ ಬೆಲ್ಲು? ಒತ್ತಿ ನೋಡೋಣ. ಇನ್ನು ಕೇಳಿಸ್ಲಿಲ್ಲ ಅನ್ನೋ ಹಾಗಿಲ್ಲ ಇವರು." ಅಕ್ಕ ಒತ್ತಿದಳು. ಏನೂ ಆಗಲಿಲ್ಲ. ಹೆಂಡತಿ ಕಿವಿಗೊಟ್ಟು ನಿಂತಳು, ಅವನ ಕಡೆ ತಿರುಗಿದಳು, ಅರಳಿದ ಮುಖ ಮೆಲ್ಲನೆ ಮುಚ್ಚಿಕೊಂಡಿತು. "ಕೂಗ್ತಾನೇ ಇಲ್ವಲ್ರೀ."

"ನಿದ್ದೆ ಹೋಗಿದೆ," ಎಂದ. "ತಾಳು, ಎಬ್ಬಿಸ್ತೀನಿ."

"ಬೆಲ್ಲು ನಿದ್ದೆ ಹೋಗತ್ತಾ?"

ಅವನು ಹಿಂದಿನ ಕೋಣೆಗೆ ನಡೆದ. ಕುರ್ಚಿ ಬಿದ್ದಲ್ಲೇ ಬಿದ್ದಿತ್ತು, ಎತ್ತಿ ನಿಲ್ಲಿಸಿದ. ಮೀಟರಿನ ಕಿಟಕಿ ಖಾಲಿಯಾಗಿತ್ತು. ತಿರುಪನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ ತಿರುಗಿಸಿದ. ಬೆರಳು ತೆಗೆಯುವ ಮೊದಲೇ ಅದು ಕೂಗತೊಡಗಿತು. ಅಲ್ಲಿ ಅಕ್ಕ ಹೆಬ್ಬೆರಳು ಎತ್ತಿರಲೇ ಇಲ್ಲ, ಅಷ್ಟು ಹೊತ್ತೂ ಒತ್ತಿಯೇ ಹಿಡಿದಿದ್ದಳು. "ಹಾಂ, ಈಗ ಕೇಳಿಸ್ತು!" ಎಂದು ಹೆಂಡತಿ ಮುಂದಿನ ಕೋಣೆಯಿಂದ ಕೂಗಿ ಹೇಳಿದಳು. "ನಿಮಗೆ ಕೇಳಿಸ್ತಾ?"

"ಕೇಳಿಸ್ತು," ಎಂದ. ಸದ್ದು ನಿಲ್ಲಲಿಲ್ಲ. ಅವನು ಗಡಿಯಾರ ನೋಡಿಕೊಂಡು ಕುರ್ಚಿಯಲ್ಲಿ ಕೂತ.